ಪೆಟ್ಟಿಗೆಯ ಮೇಲಿನ 675 ಮತ್ತು ವಿಲಿಯಂ ಹರ್ಷೆಲ್‌ರ 227

ನಮ್ಮ ಕಾಲೇಜಿನ ವಿಜ್ಞಾನ ಸಂಘಕ್ಕೆ ಹಳೆಯ ವಿದ್ಯಾರ್ಥಿಗಳು ಒಂದು ಟೆಲಿಸ್ಕೋಪ್ ಕೊಡಿಸಿರುವುದು ಎಲ್ಲರಿಗೂ ಗೊತ್ತು. ಅದರ ನಿಮ್ನ ದರ್ಪಣದ ಅಗಲ 130 ಮಿಲಿಮೀಟರ್, ಸಂಗಮದೂರ 900 ಮಿಲಿಮೀಟರ್. ಜೊತೆಗೆ 20 ಮಿ.ಮೀ. ಮತ್ತು 4 ಮಿ.ಮೀ.ನ ಎರಡು ಐಪೀಸ್, ವರ್ಧನೆಯನ್ನು ಮೂರು ಪಟ್ಟು ಮಾಡುವ ಒಂದು ಬಾರ್ಲೊ ಮಸೂರ, ಒಂದು ಪುಟ್ಟ ಫೈಂಡರ್, ಸೂರ್ಯನನ್ನು ನೋಡಲೆಂದು ಐಪೀಸಿಗೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜು ಬಂದಿವೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 675 ಪಟ್ಟು ಎಂದು ಅಚ್ಚಾಗಿದೆ.

ದಾನಿಗಳು ಕೊಟ್ಟ ಹಣದಲ್ಲಿ ಎಂಟು ಸಾವಿರ ರೂಪಾಯಿ ಉಳಿದಿದೆ. ಅದರಲ್ಲಿ ಯಾವ ಪರಿಕರ ಕೊಳ್ಳಬೇಕೆಂಬುದು ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿದೆ. ಸಾವಿರ ಪಟ್ಟು ದಾಟಿಸುವ ಐಪೀಸ್ ಬೇಕು ಎನ್ನುವವರಿದ್ದಾರೆ, ಮೊಬೈಲ್ ಕಟ್ಟುವ ಸ್ಟ್ಯಾಂಡ್ ಬೇಕು ಎನ್ನುವವರಿದ್ದಾರೆ, ಬಣ್ಣಬಣ್ಣದ ಫಿಲ್ಟರುಗಳ ಸೆಟ್ ಬೇಕು ಎನ್ನುವವರೂ ಇದ್ದಾರೆ. ಭೌತಶಾಸ್ತ್ರದ ಸರ್ ಯಾರ ಪಕ್ಷವನ್ನೂ ವಹಿಸದೆ, ಗ್ರಂಥಾಲಯಕ್ಕೆ ಹೋಗಿ ಇದನ್ನೆಲ್ಲ ನಮಗಿಂತ ಮೊದಲು ಯೋಚಿಸಿದವರು ಯಾರಾದರೂ ಇದ್ದಾರೆಯೇ ನೋಡಿ ಎಂದರು. ನನಗೆ ಸಿಕ್ಕಿದವರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವರು ಎಂದು ಅವರ ಹೆಸರನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಅವರು ನಲವತ್ತಮೂರು ವರ್ಷ ವಯಸ್ಸಿನವರೆಗೆ ಸಂಗೀತದ ಮೇಷ್ಟ್ರಾಗಿದ್ದರು, ಬೇಕಾದ ಟೆಲಿಸ್ಕೋಪ್ ಕೊಳ್ಳಲು ಅವರ ಕೈಯಲ್ಲೂ ಹಣ ಸಾಲುತ್ತಿರಲಿಲ್ಲ ಎಂಬುದು ಆ ಬಾಯಿಪಾಠದಲ್ಲಿ ಇರಲಿಲ್ಲ.

ಬ್ಯಾಂಡಿನ ಹುಡುಗ

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಈಗ ಜರ್ಮನಿಯಲ್ಲಿರುವ ಹ್ಯಾನೋವರ್ ನಗರದಲ್ಲಿ. ತಂದೆ ಐಸಾಕ್ ಸೈನ್ಯದ ಬ್ಯಾಂಡಿನಲ್ಲಿ ಓಬೊ ಎಂಬ ಊದುವಾದ್ಯ ನುಡಿಸುತ್ತಿದ್ದರು. ದೊಡ್ಡ ಸಂಸಾರ, ಸಣ್ಣ ಸಂಬಳ. ಮಗನೂ ಹದಿಹರೆಯದಲ್ಲೇ ಅದೇ ಬ್ಯಾಂಡಿಗೆ ಸೇರಿದ. 1757ರಲ್ಲಿ ಹಾಸ್ಟನ್‌ಬೆಕ್ ಎಂಬಲ್ಲಿ ನಡೆದ ಯುದ್ಧದಲ್ಲಿ ಹ್ಯಾನೋವರಿನ ಕಡೆಯವರು ಸೋತರು. ಅದೇ ವರ್ಷ, ಹತ್ತೊಂಬತ್ತರ ಹುಡುಗ ತನ್ನ ಅಣ್ಣ ಯಾಕೋಬನ ಜೊತೆ ಇಂಗ್ಲೆಂಡಿಗೆ ಹೋದ.

ಅಲ್ಲಿ ಅವರು ಮೊದಲು ಹೊಟ್ಟೆ ಹೊರೆದದ್ದು ಸಂಗೀತದ ಹಾಳೆಗಳನ್ನು ನಕಲು ಮಾಡಿ. ಆಮೇಲೆ ಊರೂರು ತಿರುಗಿ ಪಾಠ ಹೇಳಿದರು, ಕಛೇರಿ ನಡೆಸಿದರು, ಸ್ವತಃ 24 ಸಿಂಫನಿಗಳನ್ನು ರಚಿಸಿದರು. 1766ರ ಕೊನೆಯಲ್ಲಿ ಬಾತ್ ಎಂಬ ಪಟ್ಟಣದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಬಾತ್ ಶ್ರೀಮಂತರು ಬಿಸಿನೀರಿನ ಬುಗ್ಗೆಗಳಿಗಾಗಿ ಬಂದು ತಂಗುವ ಊರು. ಅಲ್ಲಿ ಸಂಗೀತಕ್ಕೆ ಬೇಡಿಕೆ ಇತ್ತು. ವಾರಕ್ಕೆ ಮೂವತ್ತಕ್ಕೂ ಹೆಚ್ಚು ಪಾಠ ಹೇಳುವಷ್ಟು ಶಿಷ್ಯರು ಸೇರಿದರು.

1772ರಲ್ಲಿ ಅವರು ಹ್ಯಾನೋವರಿಗೆ ಹೋಗಿ ತಂಗಿ ಕ್ಯಾರೊಲಿನ್‌ರನ್ನು ಕರೆತಂದರು. ಆಕೆಗೆ ಆಗ 22 ವರ್ಷ. ಹತ್ತನೇ ವಯಸ್ಸಿನಲ್ಲಿ ಬಂದ ಟೈಫಸ್ ಜ್ವರದಿಂದ ಅವರ ಬೆಳವಣಿಗೆ ನಿಂತುಹೋಗಿ ಎತ್ತರ ನಾಲ್ಕು ಅಡಿ ಚಿಲ್ಲರೆಯಲ್ಲೇ ಉಳಿದಿತ್ತು. ಈ ಹುಡುಗಿಗೆ ಮದುವೆ ಆಗಲಾರದು, ಮನೆಗೆಲಸಕ್ಕೆ ಇರಲಿ ಎಂದು ತಾಯಿ ನಿರ್ಧರಿಸಿದ್ದರು. ಹೆಚ್ಚು ಓದುವುದಕ್ಕೂ ಬಿಟ್ಟಿರಲಿಲ್ಲ. ಅಣ್ಣ ತಂಗಿಗೆ ಇಂಗ್ಲಿಷ್, ಲೆಕ್ಕ, ಹಾಡುಗಾರಿಕೆ ಕಲಿಸಿದರು. ಕೆಲವೇ ವರ್ಷಗಳಲ್ಲಿ ಆಕೆ ಕಛೇರಿಗಳಲ್ಲಿ ಮುಖ್ಯ ಗಾಯಕಿಯಾಗಿ ಹಾಡತೊಡಗಿದರು.

ಬಾಡಿಗೆ ಟೆಲಿಸ್ಕೋಪ್

ಹರ್ಷೆಲ್ ಆಕಾಶಕ್ಕೆ ಬಂದ ದಾರಿ ವಿಚಿತ್ರವಾಗಿದೆ. ಸಂಗೀತದ ಗಣಿತ ತಿಳಿಯಲು ರಾಬರ್ಟ್ ಸ್ಮಿತ್ ಎಂಬವರ ಪುಸ್ತಕ ಓದಿದರು. ಅದೇ ಲೇಖಕರು ಬೆಳಕಿನ ಶಾಸ್ತ್ರದ ಬಗ್ಗೆಯೂ ಬರೆದಿದ್ದರು, ಅದನ್ನೂ ಓದಿದರು. ಅದರಲ್ಲಿ ಟೆಲಿಸ್ಕೋಪ್ ಕಟ್ಟುವ ವಿಧಾನವಿತ್ತು. ಅಲ್ಲಿಂದ ಜೇಮ್ಸ್ ಫರ್ಗುಸನ್‌ರ ಖಗೋಳ ಪುಸ್ತಕಕ್ಕೆ ಹೋದರು. 1773ರ ಹೊತ್ತಿಗೆ ಹುಚ್ಚು ಪೂರ್ತಿ ಹಿಡಿದಿತ್ತು.

ಮೊದಲು ಮಸೂರಗಳನ್ನು ಕೊಂಡು ಉದ್ದನೆಯ ಕೊಳವೆಗಳಿಗೆ ಜೋಡಿಸಿದರು. ಅವು ಎಷ್ಟು ಉದ್ದವೆಂದರೆ ನೆಟ್ಟಗೆ ನಿಲ್ಲಿಸುವುದೇ ಕಷ್ಟವಾಯಿತು. ಆಮೇಲೆ ಎರಡು ಅಡಿಯ ಒಂದು ದರ್ಪಣ ಟೆಲಿಸ್ಕೋಪನ್ನು ಬಾಡಿಗೆಗೆ ತಂದರು. ಚಿಕ್ಕದಾದರೂ ಅದು ಕೈಗೆ ಬಗ್ಗುತ್ತಿತ್ತು. ಅದಕ್ಕಿಂತ ದೊಡ್ಡದು ಬೇಕೆಂದು ಲಂಡನ್ನಿಗೆ ಬರೆದು ವಿಚಾರಿಸಿದರೆ ಆ ಅಳತೆಯದು ಸಿದ್ಧವಿರಲಿಲ್ಲ, ಮಾಡಿಸಲು ಹೇಳಿದ ಬೆಲೆ ಅವರ ಶಕ್ತಿಯನ್ನು ಮೀರಿತ್ತು. ಆಗ ಬಾತ್‌ನಲ್ಲಿ ಕನ್ನಡಿ ಉಜ್ಜುವ ಹವ್ಯಾಸ ಬಿಟ್ಟ ಒಬ್ಬರಿಂದ ಹಳೆಯ ಉಪಕರಣಗಳನ್ನೂ ಅರ್ಧ ಮುಗಿದ ಕನ್ನಡಿಗಳನ್ನೂ ಕೊಂಡು ತಾವೇ ಕೆಲಸಕ್ಕೆ ಇಳಿದರು.

ಅಂದಿನ ಕನ್ನಡಿ ಗಾಜಿನದಲ್ಲ. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಲೋಹದ ಬಿಲ್ಲೆ. ಅದನ್ನು ಗಂಟೆಗಟ್ಟಲೆ ಉಜ್ಜಿ ಸರಿಯಾದ ಬಾಗು ಕೊಡಬೇಕು. ಕೊನೆಯ ಹೊಳಪು ಕೊಡುವಾಗ ಕೈ ನಿಲ್ಲಿಸಿದರೆ ಮೈ ಕೆಡುತ್ತದೆ. ಒಮ್ಮೆ ಹದಿನಾರು ಗಂಟೆ ಹೀಗೆ ಕೈ ತೆಗೆಯದೆ ಉಜ್ಜಿದಾಗ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಟ್ಟು ಉಣಿಸಿದರಂತೆ. ಬೇಸರ ಕಳೆಯಲು ಪಕ್ಕದಲ್ಲಿ ಕೂತು ಅರೇಬಿಯನ್ ನೈಟ್ಸ್ ಕಥೆಗಳನ್ನು ಓದಿ ಹೇಳುತ್ತಿದ್ದರು. ಶಹರಜಾದಳ ಕಥೆ ಕೇಳುತ್ತಾ ಬಾತ್‌ನ ಒಂದು ಮನೆಯಲ್ಲಿ ಕನ್ನಡಿ ತಯಾರಾಗುತ್ತಿತ್ತು ಎಂದು ಓದಿದಾಗ ನನಗೆ ಬಹಳ ಖುಷಿಯಾಯಿತು.

1774ರ ಮಾರ್ಚ್ 1ರಂದು ಅವರು ತಮ್ಮ ಸ್ವಂತ ಟೆಲಿಸ್ಕೋಪಿನಲ್ಲಿ ಶನಿಯ ಬಳೆಯನ್ನೂ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನೂ ನೋಡಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಮುಂದೆ ಐದು ದಶಕದ ಕೆಲಸಕ್ಕೆಲ್ಲ ಅದು ಮೊದಲ ಪುಟ. ನಮ್ಮ ಪರಿಕರಗಳ ಪಟ್ಟಿಯಲ್ಲಿ ನೋಟ್‌ಬುಕ್ ಎಂದು ಯಾರೂ ಬರೆದಿಲ್ಲ. ಅದನ್ನು ನಾನು ಮೊದಲನೆಯದಾಗಿ ಸೇರಿಸುತ್ತೇನೆ.

227, 460, 932

1781ರ ಮಾರ್ಚ್ 13, ಮಂಗಳವಾರ. ಬಾತ್‌ನ ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆಯ ಹಿತ್ತಲು. ರಾತ್ರಿ ಹತ್ತು ಮತ್ತು ಹನ್ನೊಂದರ ನಡುವೆ ಹರ್ಷೆಲ್ ಏಳು ಅಡಿ ಸಂಗಮದೂರದ, 6.2 ಇಂಚು ಅಗಲದ ಕನ್ನಡಿಯ ಟೆಲಿಸ್ಕೋಪಿನಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ವೃಷಭ ಮತ್ತು ಮಿಥುನ ರಾಶಿಗಳ ಗಡಿಯಲ್ಲಿ ಒಂದು ಚುಕ್ಕಿ ಉಳಿದವುಗಳಿಗಿಂತ ಸ್ವಲ್ಪ ದಪ್ಪವಾಗಿ ಕಂಡಿತು. ಆಗ ಹಾಕಿದ್ದ ಐಪೀಸಿನ ವರ್ಧನೆ 227.

ಇಲ್ಲಿ ಅವರು ಮಾಡಿದ್ದು ಬಹಳ ಸರಳ ಕೆಲಸ. ಆ ಐಪೀಸ್ ತೆಗೆದು 460ರದನ್ನು ಹಾಕಿದರು, ಆಮೇಲೆ 932ರದನ್ನು. ನಕ್ಷತ್ರಗಳು ಎಷ್ಟು ದೂರದಲ್ಲಿವೆ ಎಂದರೆ ವರ್ಧನೆ ಹೆಚ್ಚಿಸಿದಷ್ಟೂ ಅವು ಅದೇ ಲೆಕ್ಕದಲ್ಲಿ ದಪ್ಪವಾಗುವುದಿಲ್ಲ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಈ ಚುಕ್ಕಿ ಮಾತ್ರ ವರ್ಧನೆಯ ಲೆಕ್ಕಕ್ಕೆ ಸರಿಯಾಗಿ ದೊಡ್ಡದಾಯಿತು. ಆದ್ದರಿಂದ ಇದು ನಕ್ಷತ್ರವಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಜಾಗವನ್ನೂ ಬದಲಿಸಿತ್ತು. ಧೂಮಕೇತು ಇರಬೇಕೆಂದು ಅವರು ವರದಿ ಮಾಡಿದರು. ಸೇಂಟ್ ಪೀಟರ್ಸ್‌ಬರ್ಗಿನ ಲೆಕ್ಸೆಲ್ ಮೊದಲಾದ ಗಣಿತಜ್ಞರು ಲೆಕ್ಕ ಹಾಕಿದಾಗ ಅದು ಸೂರ್ಯನನ್ನು ಹೆಚ್ಚುಕಡಿಮೆ ವೃತ್ತಾಕಾರದಲ್ಲಿ ಸುತ್ತುವ, ಭೂಮಿಗಿಂತ ಸುಮಾರು 19 ಪಟ್ಟು ದೂರದಲ್ಲಿರುವ ಗ್ರಹವೆಂದು ತಿಳಿಯಿತು. ಮನುಷ್ಯ ಟೆಲಿಸ್ಕೋಪಿನಿಂದ ಕಂಡುಹಿಡಿದ ಮೊದಲ ಗ್ರಹ ಅದು.

ಯುರೇನಸ್ಸನ್ನು ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲವೇ? ನೋಡಿದ್ದರು. ಇಂಗ್ಲೆಂಡಿನ ಫ್ಲಾಮ್‌ಸ್ಟೀಡ್ 1690ರಲ್ಲೇ ಅದನ್ನು ವೃಷಭದ ಒಂದು ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದಿದ್ದರು. ಫ್ರಾನ್ಸಿನ ಲೆ ಮೊನಿಯೆ ಹಲವು ಸಲ ನೋಡಿ ನಕ್ಷತ್ರವೆಂದೇ ದಾಖಲಿಸಿದ್ದರು. ಹರ್ಷೆಲ್‌ರ ಬಳಿ ಇದ್ದ ಕನ್ನಡಿ ಉತ್ತಮವಾಗಿತ್ತು. ಜೊತೆಗೆ, ಒಂದೇ ಚುಕ್ಕಿಯನ್ನು ಬೇರೆ ಬೇರೆ ವರ್ಧನೆಯಲ್ಲಿ ಹೋಲಿಸಿ ನೋಡುವ ಅಭ್ಯಾಸ ಅವರಿಗಿತ್ತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಬರುತ್ತದೆ. ನಮ್ಮ 20 ಮಿ.ಮೀ. ಐಪೀಸಿನಿಂದ 45 ಪಟ್ಟು, 4 ಮಿ.ಮೀ.ನದರಿಂದ 225 ಪಟ್ಟು. ಅಂದರೆ ಹರ್ಷೆಲ್ ಗ್ರಹವನ್ನು ಗುರುತಿಸಿದ 227ಕ್ಕೆ ಎರಡೇ ಕಡಿಮೆ. ಯುರೇನಸ್ಸಿನ ಬಿಂಬದ ಅಗಲ ಸುಮಾರು 4 ಸೆಕೆಂಡ್ ಕೋನ. ಅದನ್ನು 227 ಪಟ್ಟು ಮಾಡಿದರೆ ಸುಮಾರು 15 ನಿಮಿಷ ಕೋನ, ಎಂದರೆ ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲ. ಗುರುತಿಸಲು ಅಷ್ಟು ಸಾಕಾಯಿತು.

ಇನ್ನು 675ರ ಮಾತು. ಕನ್ನಡಿಯ ಅಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಎರಡರಿಂದ ಗುಣಿಸಿದರೆ ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ ಸಿಗುತ್ತದೆ ಎಂಬುದು ಹವ್ಯಾಸಿಗಳ ಸಾಮಾನ್ಯ ಲೆಕ್ಕ. ನಮ್ಮದಕ್ಕೆ ಅದು 260. ಅದೂ ಗಾಳಿ ಶಾಂತವಾಗಿರುವ ರಾತ್ರಿ ಮಾತ್ರ. ಕನ್ನಡಿ ಹಿಡಿದು ತಂದ ಬೆಳಕು ಅಷ್ಟೇ ಇರುತ್ತದೆ. ಬಿಂಬವನ್ನು ಹಿಗ್ಗಿಸಿದಷ್ಟೂ ಅದು ಮಂಕಾಗುತ್ತದೆ, ಹೊಸ ವಿವರ ಹುಟ್ಟುವುದಿಲ್ಲ. ತೆಳ್ಳಗಿನ ಸಾರಿಗೆ ನೀರು ಸುರಿದಂತೆ. ಹರ್ಷೆಲ್‌ರಿಗೂ ಹೆಚ್ಚಿನ ವರ್ಧನೆಯಲ್ಲಿ ಆ ಹೊಸ ಗ್ರಹ ಮಸುಕಾಗಿ, ಅಂಚು ಸರಿಯಿಲ್ಲದೆ ಕಂಡಿತ್ತು. ಅವರು ಆ ಐಪೀಸುಗಳನ್ನು ಬಳಸಿದ್ದು ಅಂದವಾಗಿ ಕಾಣಲೆಂದಲ್ಲ, ಹೋಲಿಕೆಗಾಗಿ. ಆದ್ದರಿಂದ ಸಾವಿರ ಪಟ್ಟಿನ ಐಪೀಸ್ ಕೊಂಡರೆ ನಮಗೆ ಸಿಗುವುದು ಸಾವಿರ ಪಟ್ಟಿನ ಮಬ್ಬು.

ನಮ್ಮಲ್ಲಿ ನಿಜವಾಗಿ ಇಲ್ಲದಿರುವುದು 45 ಮತ್ತು 225ರ ನಡುವಿನ ಮೆಟ್ಟಿಲು. 10 ಮಿ.ಮೀ.ನ ಒಂದು ಒಳ್ಳೆಯ ಐಪೀಸ್ ತಂದರೆ 90 ಪಟ್ಟು ಸಿಗುತ್ತದೆ. ಶನಿಯ ಬಳೆ, ಗುರುವಿನ ಪಟ್ಟೆ, ಚಂದ್ರನ ಕುಳಿ ಎಲ್ಲಕ್ಕೂ ಅದು ಚೆನ್ನಾಗಿ ಹೊಂದುತ್ತದೆ. 32 ಮಿ.ಮೀ.ನದು ತಂದರೆ 28 ಪಟ್ಟು. ಕೃತ್ತಿಕೆಯಂಥ ಅಗಲವಾದ ಗುಂಪು ಒಂದೇ ನೋಟಕ್ಕೆ ಸಿಗುತ್ತದೆ, ಹೊಸಬರಿಗೆ ಆಕಾಶಕಾಯವನ್ನು ಹುಡುಕುವುದೂ ಸುಲಭ.

ರಾಜನ ಖಗೋಳಜ್ಞ

ಅದೇ 1781ರಲ್ಲಿ ಹರ್ಷೆಲ್‌ರಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು, ಸದಸ್ಯತ್ವವೂ ಸಿಕ್ಕಿತು. ಎಲ್ಲರೂ ಕೂಡಲೇ ಒಪ್ಪಿಕೊಂಡರು ಎಂದಲ್ಲ. ಅವರ ಐಪೀಸುಗಳ ವರ್ಧನೆಯ ಅಂಕಿಗಳು ನಂಬಲಾಗದಷ್ಟು ದೊಡ್ಡವು ಎಂದು ಹಲವರು ಅನುಮಾನಪಟ್ಟರು. 1782ರಲ್ಲಿ ಅವರು ತಮ್ಮ ಏಳು ಅಡಿಯ ಟೆಲಿಸ್ಕೋಪನ್ನು ಗ್ರೀನಿಚ್‌ಗೆ ಹೊತ್ತೊಯ್ದು ರಾಜಮನೆತನದ ಖಗೋಳಜ್ಞ ಮಾಸ್ಕೆಲಿನ್‌ರ ಉಪಕರಣಗಳ ಪಕ್ಕದಲ್ಲಿ ಇಟ್ಟರು. ಹಿತ್ತಲಲ್ಲಿ ತಯಾರಾದದ್ದೇ ಮೇಲಾಯಿತು.

ಮೂರನೇ ಜಾರ್ಜ್ ದೊರೆ ಅವರಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದರು. ಸಂಗೀತದಲ್ಲಿ ಅವರು ಗಳಿಸುತ್ತಿದ್ದುದಕ್ಕಿಂತ ಅದು ಕಡಿಮೆ. ಆದರೂ ಒಪ್ಪಿಕೊಂಡು ವಿಂಡ್ಸರ್ ಅರಮನೆಗೆ ಹತ್ತಿರದ ಡ್ಯಾಚೆಟ್‌ಗೆ, ಕೆಲವು ವರ್ಷಗಳ ಮೇಲೆ ಸ್ಲೌ ಎಂಬ ಊರಿಗೆ ಹೋಗಿ ನೆಲೆಸಿದರು. ಕೊರತೆ ತುಂಬಲು ಟೆಲಿಸ್ಕೋಪ್ ಮಾಡಿ ಮಾರಿದರು. ಸ್ಪೇನ್ ದೇಶಕ್ಕೆ 25 ಅಡಿಯದೊಂದನ್ನು ಮಾಡಿಕೊಟ್ಟರು.

1783ರಿಂದ ಅವರು ಇಪ್ಪತ್ತು ಅಡಿ ಉದ್ದದ ಟೆಲಿಸ್ಕೋಪಿನಿಂದ ಇಡೀ ಆಕಾಶವನ್ನು ಪಟ್ಟಿಪಟ್ಟಿಯಾಗಿ ಗುಡಿಸಿದಂತೆ ನೋಡುತ್ತಾ ಹೋದರು. ಹತ್ತನೇ ಶತಮಾನದಲ್ಲಿ ಇಸ್ಫಹಾನಿನ ಅಬ್ದುರ್ರಹ್ಮಾನ್ ಅಲ್ ಸೂಫಿ ಬರಿಗಣ್ಣಿನಿಂದ ನೋಡಿ ಆಂಡ್ರೊಮಿಡಾದಲ್ಲಿ ಒಂದು ಪುಟ್ಟ ಮೋಡವಿದೆ ಎಂದು ದಾಖಲಿಸಿದ್ದರು. ಫ್ರಾನ್ಸಿನ ಮೆಸಿಯೆ ಇಂಥವನ್ನು ನೂರರಷ್ಟು ಪಟ್ಟಿ ಮಾಡಿದ್ದರು. ಹರ್ಷೆಲ್ 1802ರ ಹೊತ್ತಿಗೆ ಮೂರು ಪಟ್ಟಿಗಳಲ್ಲಿ 2500 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳನ್ನು ಕೊಟ್ಟರು. ಪಕ್ಕಪಕ್ಕದಲ್ಲಿ ಕಾಣುವ ಕೆಲವು ಜೋಡಿ ನಕ್ಷತ್ರಗಳು ನಿಜವಾಗಿಯೂ ಒಂದನ್ನೊಂದು ಸುತ್ತುತ್ತವೆ ಎಂದು ಇಪ್ಪತ್ತು ವರ್ಷಗಳ ಅಳತೆಯಿಂದ ತೋರಿಸಿದರು. ಸೂರ್ಯನೇ ತನ್ನ ಸಂಸಾರದೊಡನೆ ಆಕಾಶದಲ್ಲಿ ಚಲಿಸುತ್ತಿದ್ದಾನೆ ಎಂದೂ ಹೇಳಿದರು. ಸೂರ್ಯನ ಮೇಲೆ ಜೀವಿಗಳು ಇರಬಹುದು ಎಂದು ಅವರು ನಂಬಿದ್ದು ಮಾತ್ರ ಸುಳ್ಳಾಯಿತು.

ಪರಿಕರ ಸೇರಿಸುವುದಷ್ಟೇ ಅಲ್ಲ, ತೆಗೆಯುವುದೂ ಒಂದು ಆಯ್ಕೆ ಎಂದು ಅವರಿಂದ ತಿಳಿಯಿತು. ಅಂದಿನ ಲೋಹದ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸಾಕಷ್ಟು ಭಾಗವನ್ನು ನುಂಗುತ್ತಿತ್ತು. ಕೊಳವೆಯೊಳಗಿನ ಎರಡನೆಯ ಸಣ್ಣ ಕನ್ನಡಿಯನ್ನೇ ಕಿತ್ತು, ದೊಡ್ಡ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ, ಕೊಳವೆಯ ಬಾಯಲ್ಲೇ ಐಪೀಸ್ ಹಿಡಿದು ನೋಡತೊಡಗಿದರು. ಬೆಳಕು ಉಳಿಯಿತು. 1787ರ ಜನವರಿ 11ರಂದು ಯುರೇನಸ್ಸಿನ ಎರಡು ಉಪಗ್ರಹಗಳು, ಟೈಟಾನಿಯಾ ಮತ್ತು ಒಬೆರಾನ್, ಕಾಣಿಸಿಕೊಂಡವು. ಅದೇ ಕಾರಣಕ್ಕೆ ಅವರು ಐಪೀಸಿನಲ್ಲೂ ಒಂದೇ ಮಸೂರ ಇರುವುದನ್ನು ಮೆಚ್ಚುತ್ತಿದ್ದರು. ರಾತ್ರಿ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಅಕ್ಕಪಕ್ಕದ ಬೆಳಕು ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಮೊಬೈಲ್ ಬೆಳಗಿದರೆ ಅದು ಕ್ಷಣದಲ್ಲಿ ಹಾಳಾಗುತ್ತದೆ. ಕೆಂಪು ಜಿಲೆಟಿನ್ ಕಾಗದ ಸುತ್ತಿದ ಒಂದು ಟಾರ್ಚ್ ಮತ್ತು ಒಂದು ಕಪ್ಪು ಬಟ್ಟೆ, ಇವೆರಡಕ್ಕೆ ನೂರಿನ್ನೂರು ರೂಪಾಯಿ ಸಾಕು.

ದೊಡ್ಡದು ಯಾವಾಗಲೂ ಒಳ್ಳೆಯದಲ್ಲ ಎಂಬ ಪಾಠವೂ ಅವರ ಬಾಳಿನಲ್ಲೇ ಇದೆ. ದೊರೆ ಕೊಟ್ಟ 4000 ಪೌಂಡಿನಲ್ಲಿ ನಲವತ್ತು ಅಡಿ ಉದ್ದದ, ನಾಲ್ಕು ಅಡಿ ಅಗಲದ ಕನ್ನಡಿಯ ಟೆಲಿಸ್ಕೋಪ್ ಕಟ್ಟಿದರು. 1789ರಲ್ಲಿ ಅದು ಪೂರ್ಣವಾಯಿತು. ಶನಿಯ ಎನ್ಸೆಲಾಡಸ್ ಮತ್ತು ಮೈಮಾಸ್ ಉಪಗ್ರಹಗಳು ಆ ವರ್ಷವೇ ಸಿಕ್ಕವು. ಜಗತ್ತೆಲ್ಲ ನೋಡಲು ಬಂತು. ಆದರೆ ತಿರುಗಿಸಲು ಆಳುಗಳು ಬೇಕು, ಒಂದು ಟನ್ ತೂಕದ ಕನ್ನಡಿ ತೇವಕ್ಕೆ ಬೇಗ ಮಂಕಾಗುತ್ತಿತ್ತು, ಇಂಗ್ಲೆಂಡಿನ ಹವೆಯಲ್ಲಿ ಅದಕ್ಕೆ ತಕ್ಕ ರಾತ್ರಿಗಳು ಕಡಿಮೆ. ಹರ್ಷೆಲ್ ತಮ್ಮ ನಿತ್ಯದ ಕೆಲಸವನ್ನು ಇಪ್ಪತ್ತು ಅಡಿಯದರಲ್ಲೇ ಮುಂದುವರಿಸಿದರು.

ಕಪ್ಪು ಗಾಜಿನ ಕಥೆ

ಪರಿಕರಗಳ ಬಗ್ಗೆ ಬರೆಯಲು ಕುಳಿತವರು ಬಿಡಲಾಗದ ಘಟನೆ 1800ರದು. ಸೂರ್ಯನ ಕಲೆಗಳನ್ನು ನೋಡಲು ಹರ್ಷೆಲ್ ಬಗೆಬಗೆಯ ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಗಾಜಿನಲ್ಲಿ ಬೆಳಕು ಕಡಿಮೆ ಇದ್ದರೂ ಕಣ್ಣಿಗೆ ಕಾವು ಹೆಚ್ಚಾಗಿ ತಟ್ಟುತ್ತಿತ್ತು. ಇನ್ನೊಂದರಲ್ಲಿ ಬೆಳಕು ಹೆಚ್ಚು, ಕಾವು ಕಡಿಮೆ. ಹಾಗಾದರೆ ಬೇರೆ ಬೇರೆ ಬಣ್ಣ ಬೇರೆ ಬೇರೆ ಪ್ರಮಾಣದ ಶಾಖ ಒಯ್ಯುತ್ತದೆಯೇ? ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು ಒಂದೊಂದರಲ್ಲೂ ಥರ್ಮಾಮೀಟರ್ ಇಟ್ಟರು. ನೇರಳೆಯಿಂದ ಕೆಂಪಿನ ಕಡೆಗೆ ಉಷ್ಣತೆ ಏರುತ್ತಾ ಹೋಯಿತು. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಇಟ್ಟಾಗ ಇನ್ನೂ ಏರಿತು. ಕಣ್ಣಿಗೆ ಕಾಣದ ಬೆಳಕು ಇದೆ ಎಂದು ಹೀಗೆ ತಿಳಿಯಿತು. ನಾವು ಅದನ್ನು ಅವಕೆಂಪು ಕಿರಣ ಎನ್ನುತ್ತೇವೆ. ಟಿವಿ ರಿಮೋಟಿನಲ್ಲಿ ದಿನಾ ಬಳಸುತ್ತೇವೆ.

ನಮ್ಮ ಪೆಟ್ಟಿಗೆಯಲ್ಲಿ ಬಂದಿರುವ ಕಪ್ಪು ಗಾಜಿನ ವಿಷಯ ಇದಕ್ಕೇ ಸೇರಿದ್ದು. ಅದನ್ನು ಐಪೀಸಿಗೆ ಹಾಕಬೇಕು, ಎಂದರೆ ಕನ್ನಡಿ ಬಿಸಿಲನ್ನೆಲ್ಲ ಒಟ್ಟುಗೂಡಿಸಿದ ಜಾಗದ ಹತ್ತಿರ. ಅಲ್ಲಿನ ಶಾಖಕ್ಕೆ ಗಾಜು ಒಮ್ಮೆಲೇ ಬಿರಿಯಬಹುದು. ಬಿರಿದ ಕ್ಷಣ ನೋಡುತ್ತಿದ್ದವರ ಕಣ್ಣು ಹೋಗುತ್ತದೆ. ಗಾಜು ಕಪ್ಪಾಗಿ ಕಂಡ ಮಾತ್ರಕ್ಕೆ ಅವಕೆಂಪನ್ನೂ ತಡೆಯುತ್ತದೆ ಎಂದಲ್ಲ. ಹರ್ಷೆಲ್ ಕಂಡುಕೊಂಡದ್ದೇ ಅದು. ಆ ಗಾಜನ್ನು ಸಂಘದ ಬೀರುವಿನಲ್ಲಿಯೂ ಇಡದೆ ಒಡೆದು ಎಸೆಯಬೇಕೆಂದು ನನ್ನ ಬಲವಾದ ಮನವಿ. ಬೀರುವಿನಲ್ಲಿದ್ದರೆ ಒಂದು ದಿನ ಯಾರಾದರೂ ಬಳಸಿಯೇ ಬಳಸುತ್ತಾರೆ.

ಅದರ ಬದಲು ಟೆಲಿಸ್ಕೋಪಿನ ಮುಂದಿನ ಬಾಯಿಗೆ ಪೂರ್ತಿ ಮುಚ್ಚುವ, ಸೂರ್ಯ ವೀಕ್ಷಣೆಗೆಂದೇ ಪ್ರಮಾಣೀಕರಿಸಿದ ಫಿಲ್ಟರ್ ಕೊಳ್ಳೋಣ. ಬಿಸಿಲು ಒಳಗೆ ಹೋಗುವ ಮೊದಲೇ ಅದು ತಡೆಯುತ್ತದೆ. ಫೈಂಡರಿನ ಬಾಯಿಯನ್ನೂ ಮುಚ್ಚಬೇಕು. 2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ. ಮಕ್ಕಾ ಮತ್ತು ಜಿದ್ದಾದಲ್ಲಿ ಪೂರ್ಣಗ್ರಹಣ, ನಮ್ಮಲ್ಲಿ ಸಂಜೆಯ ಹೊತ್ತು ಪಾರ್ಶ್ವಗ್ರಹಣ. ಆ ದಿನ ಕಾಲೇಜಿನ ಮಕ್ಕಳೆಲ್ಲ ಈ ಟೆಲಿಸ್ಕೋಪಿನ ಮುಂದೆ ಸಾಲು ನಿಲ್ಲುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಅಂದು ಇಲ್ಲಿರುತ್ತೇವೋ ಗೊತ್ತಿಲ್ಲ. ನಾವು ಈಗ ಕೊಳ್ಳುವ ವಸ್ತು ಅವರ ಕಣ್ಣು ಕಾಯಬೇಕು.

ಬರೆದುಕೊಳ್ಳುವವರು ಯಾರು?

ಹರ್ಷೆಲ್‌ರ ಬಾಳನ್ನು ಹೇಳಿ ಕ್ಯಾರೊಲಿನ್‌ರನ್ನು ಬಿಟ್ಟರೆ ಅದು ಅರ್ಧ ಕಥೆ. ಅಣ್ಣ ಏಣಿಯ ಮೇಲೆ ಐಪೀಸಿಗೆ ಕಣ್ಣಿಟ್ಟು ಕಂಡದ್ದನ್ನು ಕೂಗಿ ಹೇಳುವರು. ತಂಗಿ ಗಡಿಯಾರದ ಪಕ್ಕ ಕೂತು ಸಮಯದೊಡನೆ ಬರೆದುಕೊಳ್ಳುವರು. ಹಗಲು ಅವನ್ನೆಲ್ಲ ಲೆಕ್ಕ ಮಾಡಿ ಶುದ್ಧಪ್ರತಿ ತೆಗೆಯುವರು. 1783ರ ಡಿಸೆಂಬರ್ 31ರ ರಾತ್ರಿ ಕತ್ತಲಲ್ಲಿ ಓಡುವಾಗ ಕರಗುತ್ತಿದ್ದ ಹಿಮದ ಮೇಲೆ ಜಾರಿ, ಟೆಲಿಸ್ಕೋಪಿನ ಚೌಕಟ್ಟಿನ ಕಬ್ಬಿಣದ ಕೊಕ್ಕೆ ಆಕೆಯ ತೊಡೆಗೆ ಚುಚ್ಚಿಕೊಂಡಿತು. ಬಿಡಿಸುವಾಗ ಮಾಂಸವೇ ಕಿತ್ತುಬಂತು. ಟೆಲಿಸ್ಕೋಪಿನ ಸ್ಟ್ಯಾಂಡ್ ಭದ್ರವಾಗಿರಬೇಕು, ಸುತ್ತ ಕಾಲಿಗೆ ಸಿಗುವ ವಸ್ತು ಇರಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ನಮ್ಮ ತಾರಸಿಯ ಮೇಲೆ ನೀರಿನ ಪೈಪುಗಳು ಹಾದುಹೋಗಿವೆ. ಅವುಗಳಿಗೆ ಬಿಳಿ ಬಣ್ಣ ಬಳಿಯುವ ಖರ್ಚನ್ನೂ ಪಟ್ಟಿಗೆ ಸೇರಿಸಬೇಕು.

ಕ್ಯಾರೊಲಿನ್‌ರಿಗೆ ಅಣ್ಣ ಒಂದು ಚಿಕ್ಕ ಟೆಲಿಸ್ಕೋಪ್ ಕೊಟ್ಟಿದ್ದರು. ಅಣ್ಣ ಊರಲ್ಲಿದ್ದ ರಾತ್ರಿಗಳಲ್ಲಿ ಬರೆದುಕೊಳ್ಳುವ ಕೆಲಸವಿದ್ದುದರಿಂದ ಅದನ್ನು ಬಳಸಲು ಬಿಡುವು ಸಿಗುತ್ತಿದ್ದುದು ಕಡಿಮೆ. 1786ರಲ್ಲಿ ದೊರೆಯ ಪರವಾಗಿ ಗಟ್ಟಿಂಗನ್‌ಗೆ ಟೆಲಿಸ್ಕೋಪ್ ತಲುಪಿಸಲು ಅಣ್ಣ ಜರ್ಮನಿಗೆ ಹೋಗಿದ್ದರು. ಆಗಸ್ಟ್ 1ರಂದು ತಂಗಿ ಒಂದು ಧೂಮಕೇತುವನ್ನು ಕಂಡುಹಿಡಿದರು. 1797ರ ಹೊತ್ತಿಗೆ ಆ ಸಂಖ್ಯೆ ಎಂಟಾಯಿತು. 1787ರಿಂದ ದೊರೆ ಆಕೆಗೂ ವರ್ಷಕ್ಕೆ 50 ಪೌಂಡ್ ಸಂಬಳ ಕೊಟ್ಟರು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಮಹಿಳೆ ಅವರು.

ಇದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ನನ್ನೂರಿಗೆ ಕೊನೆಯ ಬಸ್ಸು ರಾತ್ರಿ ಏಳೂವರೆಗೆ. ನನ್ನಂಥ ಹುಡುಗಿಯರು ಸಂಘದಲ್ಲಿ ಹದಿನೇಳು ಮಂದಿ ಇದ್ದೇವೆ. ವೀಕ್ಷಣೆಯ ಸಮಯ ಇಶಾ ನಮಾಜಿನ ನಂತರ ಎಂದಾದರೆ ನಮಗೆ ಉಳಿಯುವುದು ಮರುದಿನ ಬಂದು ರಿಜಿಸ್ಟರ್ ಬರೆಯುವ ಕೆಲಸ ಮಾತ್ರ. ಚಳಿಗಾಲದಲ್ಲಿ ಮಗ್ರಿಬ್ ಮುಗಿಯುವಷ್ಟರಲ್ಲಿ ಚಂದ್ರನೂ ಗ್ರಹಗಳೂ ನೋಡಲು ಸಿಗುವ ದಿನಗಳು ಬೇಕಾದಷ್ಟಿವೆ. ವಾರದಲ್ಲಿ ಒಂದು ದಿನ ಆ ಹೊತ್ತಿಗೆ ವೀಕ್ಷಣೆ ಇಡಬೇಕು. ಒಂದು ವಾರ ನೋಡಿದವರು ಮುಂದಿನ ವಾರ ಬರೆಯಬೇಕು, ಬರೆದವರು ನೋಡಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕೊಳ್ಳುವ ಪಟ್ಟಿಯನ್ನು ಒಟ್ಟಾಗಿ ಹೇಳುವುದಾದರೆ: 32 ಮತ್ತು 10 ಮಿ.ಮೀ. ಐಪೀಸ್ ಒಂದೊಂದು, ಮುಂಬಾಯಿಯ ಸೋಲಾರ್ ಫಿಲ್ಟರ್, ಕನ್ನಡಿಗಳು ನೇರಕ್ಕಿವೆಯೇ ಎಂದು ನೋಡುವ ತೂತಿನ ಮುಚ್ಚಳ, ಕೆಂಪು ಟಾರ್ಚ್, ಕಪ್ಪು ಬಟ್ಟೆ, ದಪ್ಪ ರಟ್ಟಿನ ನೋಟ್‌ಬುಕ್. ಸರ್ ವಿಚಾರಿಸಿ ತಂದ ದರದಲ್ಲಿ ಇವೆಲ್ಲ ಎಂಟು ಸಾವಿರದೊಳಗೆ ಬರುತ್ತವೆ. ಬಣ್ಣದ ಫಿಲ್ಟರು, ಮೊಬೈಲ್ ಸ್ಟ್ಯಾಂಡು ಮುಂದಿನ ವರ್ಷಕ್ಕೆ ಇರಲಿ.

ಕೊನೆಯ ವರ್ಷಗಳು

ಹರ್ಷೆಲ್ 1788ರಲ್ಲಿ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದರು. 1792ರಲ್ಲಿ ಹುಟ್ಟಿದ ಮಗ ಜಾನ್ ಕೂಡ ದೊಡ್ಡ ಖಗೋಳಜ್ಞರಾದರು. ತಂದೆ ನೋಡಲಾಗದ ದಕ್ಷಿಣದ ಆಕಾಶವನ್ನು ಆಫ್ರಿಕಾದ ಕೇಪ್‌ನಿಂದ ಅಳೆದರು. ವಿಲಿಯಂ 1816ರಲ್ಲಿ ಸರ್ ಪದವಿ ಪಡೆದರು, ಲಂಡನ್ನಿನ ಖಗೋಳ ಸಂಘದ ಮೊದಲ ಅಧ್ಯಕ್ಷರಾದರು. 1822ರ ಆಗಸ್ಟ್ 25ರಂದು ಸ್ಲೌನಲ್ಲಿ ತೀರಿಕೊಂಡರು. ಆಗ ಅವರಿಗೆ 84 ತುಂಬಲು ಮೂರು ತಿಂಗಳೂ ಉಳಿದಿರಲಿಲ್ಲ. ಅವರು ಕಂಡ ಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ತೆಗೆದುಕೊಳ್ಳುವುದೂ 84 ವರ್ಷ.

1977ರ ಮಾರ್ಚ್ 10ರಂದು ಆ ಗ್ರಹ ಒಂದು ನಕ್ಷತ್ರದ ಎದುರು ಹಾದುಹೋಯಿತು. ಹಾರುವ ವಿಮಾನದಿಂದ ನೋಡುತ್ತಿದ್ದ ಅಮೆರಿಕದ ವಿಜ್ಞಾನಿಗಳು ಅದಕ್ಕೂ ಬಳೆಗಳಿರುವುದನ್ನು ಕಂಡರು. ಅದೇ ರಾತ್ರಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ತಮ್ಮ ಟೆಲಿಸ್ಕೋಪಿನಿಂದ ಆ ನಕ್ಷತ್ರದ ಬೆಳಕು ಕುಗ್ಗಿದ್ದನ್ನು ದಾಖಲಿಸಿದ್ದರು. 2009ರಲ್ಲಿ ಯುರೋಪಿನವರು ಅವಕೆಂಪು ಬೆಳಕಿನಲ್ಲಿ ನೋಡುವ 3.5 ಮೀಟರ್ ಕನ್ನಡಿಯ ಟೆಲಿಸ್ಕೋಪನ್ನು ಬಾಹ್ಯಾಕಾಶಕ್ಕೆ ಕಳಿಸಿ ಅದಕ್ಕೆ ಹರ್ಷೆಲ್‌ರ ಹೆಸರನ್ನೇ ಇಟ್ಟರು.

ಅಣ್ಣ ಹೋದ ಮೇಲೆ ಕ್ಯಾರೊಲಿನ್ ಹ್ಯಾನೋವರಿಗೆ ಮರಳಿದರು. ಅಣ್ಣನ 2500 ನೀಹಾರಿಕೆಗಳ ಪಟ್ಟಿಯನ್ನು ಜಾನ್‌ಗೆ ಅನುಕೂಲವಾಗುವಂತೆ ಆಕಾಶದ ವಲಯಗಳ ಕ್ರಮದಲ್ಲಿ ಹೊಸದಾಗಿ ಬರೆದುಕೊಟ್ಟರು. ಅದಕ್ಕಾಗಿ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಅವರಿಗೆ ಚಿನ್ನದ ಪದಕ ಕೊಟ್ಟಿತು. 1848ರ ಜನವರಿ 9ರಂದು, 97ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಅಣ್ಣತಂಗಿಯರು ಬಾಳಿದ ಬಾತ್‌ನ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.